ವೇದಿಕೆಗೂ ಒಂದು ರ‍್ಯಾಂಪ್

"ಇದು ಸ್ಟೇಜಿನವರೆಗೂ ಹೋಗ್ತದಲ್ಲ ಮಾರಾಯ!" ಎಂದಳು ಅಕ್ಕ.

ಮೆಲ್ಬರ್ನ್‌ನಲ್ಲಿ ಒಂದು ಸಣ್ಣ ಕಲಾಮೇಳದ ಉದ್ಘಾಟನೆ. ಉಡುಪಿಯಿಂದ ಬಂದಿದ್ದ ಅಕ್ಕನ ವೀಲ್‌ಚೇರ್ ತಳ್ಳಿಕೊಂಡು ಹೋಗಿದ್ದೆ. ಬಾಗಿಲಿಗೆ ರ‍್ಯಾಂಪ್ ಇರುವುದನ್ನು ಅವಳು ಊರಲ್ಲೂ ಅಲ್ಲಲ್ಲಿ ನೋಡಿದ್ದಾಳೆ. ವೇದಿಕೆಗೆ ರ‍್ಯಾಂಪ್ ನೋಡಿದ್ದು ಅದೇ ಮೊದಲು.

ಶಾಲೆಯಲ್ಲಿ ಅಕ್ಕನಿಗೆ ಹಾಡಿಗೆ ಪ್ರತಿ ವರ್ಷ ಬಹುಮಾನ. ಬೇರೆ ಮಕ್ಕಳು ಮೆಟ್ಟಿಲು ಹತ್ತಿ ಹೋಗಿ ತೆಗೆದುಕೊಳ್ಳುತ್ತಿದ್ದರು. ಇವಳ ಲೋಟವನ್ನು ಯಾರೋ ಕೆಳಗೆ ತಂದು ಕೊಡುತ್ತಿದ್ದರು. ಫೋಟೋದಲ್ಲಿ ಅವಳು ಇಲ್ಲ. ಪೋಲಿಯೋ ಆದವರು ಕೂತು ನೋಡಿದರೆ ಸಾಕು ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಬಾಗಿಲಿಗೆ ಮಾತ್ರ ರ‍್ಯಾಂಪ್ ಕಟ್ಟುವವರು ಇವತ್ತಿಗೂ ಹಾಗೆಯೇ ಅಂದುಕೊಂಡಿದ್ದಾರೆ, ಅಲ್ವಾ?

ಇಲ್ಲಿ ಮೊದಲು ಆ ರ‍್ಯಾಂಪ್ ಹತ್ತಿದವರು ವುರುಂಡ್ಜೆರಿ ಜನರ ಒಬ್ಬ ಅಜ್ಜಿ, ಊರುಗೋಲು ಹಿಡಿದು. ಮೆಲ್ಬರ್ನ್‌ನ ಮೂಲ ನಿವಾಸಿಗಳು ಅವರು. "ವೊಮಿಂಜೆಕಾ" ಎಂದು ತಮ್ಮ ನೆಲಕ್ಕೆ ನಮ್ಮನ್ನು ಕರೆದರು. ಇಲ್ಲಿ ಸಭೆಗಳ ಶುರುವಿನಲ್ಲಿ ಮೂಲ ನಿವಾಸಿಗಳು ಕೊಡುವ ಈ ಸ್ವಾಗತ ಈಗಿನ ರೂಪ ಪಡೆದದ್ದೂ ಒಂದು ಕಲಾ ಉತ್ಸವದಲ್ಲೇ. 1976ರಲ್ಲಿ ಪರ್ತ್‌ನಲ್ಲಿ, ಹೊರಗಿನಿಂದ ಬಂದ ನ್ಯೂಜಿಲೆಂಡಿನ ಮಾವೋರಿ ಮತ್ತು ಕುಕ್ ದ್ವೀಪಗಳ ಕುಣಿತಗಾರರಿಗಾಗಿ ಮೂಲ ನಿವಾಸಿ ಕಲಾವಿದರಾದ ರಿಚರ್ಡ್ ವಾಲಿ, ಎರ್ನಿ ಡಿಂಗೋ ಇದನ್ನು ಮಾಡಿದರು. ಪದ್ಧತಿಯ ಬೇರು ಅದಕ್ಕಿಂತ ಎಷ್ಟೋ ಹಳೆಯದು.

ಅಜ್ಜಿಯ ಪಕ್ಕದಲ್ಲೇ ಒಬ್ಬರು ಆಸ್ಲಾನ್‌ನಲ್ಲಿ, ಅಂದರೆ ಇಲ್ಲಿನ ಕಿವುಡರ ಕೈಭಾಷೆಯಲ್ಲಿ, ಅವರ ಮಾತು ಹೇಳುತ್ತಿದ್ದರು. ಸ್ವಾಗತದ ಭಾಗವಾದ ನೀಲಗಿರಿ ಸೊಪ್ಪಿನ ಹೊಗೆ ಹಾಕುವ ಮೊದಲು, "ಉಬ್ಬಸ ಇರುವವರು ಆ ಕಡೆ ಕೂರಬಹುದು" ಎಂದು ತಿಳಿಸಿದರು. ಆಚರಣೆ ನಿಲ್ಲಲಿಲ್ಲ, ಯಾರೂ ಹೊರಗೂ ಉಳಿಯಲಿಲ್ಲ. ಕೊನೆಗೆ ಎಲ್ಲರೂ ಎರಡೂ ಕೈ ಎತ್ತಿ ಅಲ್ಲಾಡಿಸಿದರು. ಕಿವುಡರ ಚಪ್ಪಾಳೆ ಅದು. ಅಕ್ಕನೂ ಎತ್ತಿದಳು.

ನಮ್ಮಲ್ಲಿ ಸ್ವಾಗತ ಅಂದರೆ ವೇದಿಕೆ ಮೇಲಿದ್ದವರಿಗೆ. ಹಾರ, ಶಾಲು, ಹೆಸರುಗಳ ಪಟ್ಟಿ, ಮುಗಿಯುವಾಗ ಒಂದು ಗಂಟೆ. ಮೆರವಣಿಗೆಗೆ ಕೊರಗರ ಡೋಲು ಬೇಕು. ಸಭೆ ಶುರುವಾದಾಗ ಆ ಡೋಲಿನವರು ಎಲ್ಲಿರುತ್ತಾರೆ? ಕರಾವಳಿಯ ಹಳೆಯ ಜನ ಅವರು. "ನಮ್ಮ ನೆಲಕ್ಕೆ ಬನ್ನಿ" ಎಂದು ಒಬ್ಬ ಕೊರಗ ಹಿರಿಯರು ಉದ್ಘಾಟನೆ ಮಾಡಿದ್ದನ್ನು ನಾನಂತೂ ನೋಡಿಲ್ಲ. ಇದು ನನಗೆ ನಾಚಿಕೆ ತರುತ್ತದೆ.

ಹಾಗಂತ ಇಲ್ಲಿ ಎಲ್ಲ ಸರಿ ಇಲ್ಲ. 2023ರಲ್ಲಿ, ಸಂಸತ್ತಿಗೆ ಸಲಹೆ ಕೊಡುವ ಒಂದು ಮಂಡಳಿ ಮೂಲ ನಿವಾಸಿಗಳಿಗೆ ಇರಲಿ ಎಂಬ ಪ್ರಸ್ತಾಪ ಜನಮತಕ್ಕೆ ಬಂತು. ಆಸ್ಟ್ರೇಲಿಯಾದ ಆರೂ ರಾಜ್ಯಗಳು ಬೇಡ ಎಂದವು. ಸ್ವಾಗತ ಕೇಳಿ ಕೈ ಅಲ್ಲಾಡಿಸಿದವರಲ್ಲೂ ಬೇಡ ಎಂದವರು ಇದ್ದಿರಬಹುದು.

ರಾತ್ರಿ ಊಟಕ್ಕೆ ಕೂತಾಗ ಅಕ್ಕ ಬಯಲಾಟದ ಮಾತು ತೆಗೆದಳು. ಕೊಯ್ಲು ಮುಗಿದ ಗದ್ದೆಯಲ್ಲಿ ಆಟ. ಮೆಟ್ಟಿಲೇ ಇಲ್ಲ. ಅಪ್ಪ ಅವಳನ್ನು ಎತ್ತಿಕೊಂಡು ಬಂದರೆ ಸಾಕು, ಯಾರೂ ಹೇಳದೆ ಜನ ಸರಿದು ರಂಗಸ್ಥಳದ ಮುಂದೆ ಚಾಪೆಗೆ ಜಾಗ ಬಿಡುತ್ತಿದ್ದರು. ಅದು ನಿಜ. ನನಗೆ ಮರೆತೇ ಹೋಗಿತ್ತು.

ಈಗ ಅಕ್ಕ ಓದಿದ ಶಾಲೆಯ ಹಳೆ ವಿದ್ಯಾರ್ಥಿಗಳ ಹತ್ತಿರ ಮಾತಾಡುತ್ತಿದ್ದೇನೆ. ವೇದಿಕೆಯ ಎತ್ತರ ಮೂರು ಅಡಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಲೆಕ್ಕದಲ್ಲಿ 36 ಅಡಿ ಉದ್ದದ ರ‍್ಯಾಂಪ್ ಬೇಕು. ಬಾವಿಕಟ್ಟೆಯ ಬದಿಯಲ್ಲಿ ಅಷ್ಟು ಜಾಗ ಇದೆಯಂತೆ.