ಕಿವಿಗೊಂದು ಕಿರೀಟ

ಪ್ರಶಸ್ತಿ ಬಂದದ್ದು ಒಂದು ಪೆಟ್ಟಿಗೆಗೆ. ಇಟ್ಟಿಗೆಗಿಂತ ತುಸು ದೊಡ್ಡದು. ಮುಂದೆ ಒಂದು ಪುಟ್ಟ ದೀಪ, ಹಿಂದೆ ನಾಲ್ಕು ತೂತು, ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ಒತ್ತುವುದಕ್ಕೆ ಗುಂಡಿಯಿಲ್ಲ, ತಿರುಗಿಸುವುದಕ್ಕೆ ಏನೂ ಇಲ್ಲ. ಒಬ್ಬನೇ ಮನುಷ್ಯ ಮನೆಯ ಹಿಂದಿನ ಶೆಡ್ಡಿನಲ್ಲಿ ಕೂತು, ತಿಂಗಳಿಗೆ ಆರೇಳರಂತೆ ಬೆಸುಗೆ ಹಾಕಿ ಮಾಡುವ ಫೋನೋ ಸ್ಟೇಜ್ ಅದು; ಗ್ರಾಮಫೋನ್ ಮುಳ್ಳಿನಿಂದ ಬರುವ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಸಾಧನ. ಎಲ್‌ಪಿ ತಟ್ಟೆ ನುಡಿಸುವವರ ಪತ್ರಿಕೆಯೊಂದು ಅದನ್ನು ವರ್ಷದ ಅತ್ಯುತ್ತಮ ಸಾಧನವೆಂದು ಸಾರಿತು. ಸುದ್ದಿ ತಯಾರಕನಿಗೆ ತಲುಪುವ ಮೊದಲೇ ನನ್ನ ಗೆಳೆಯರೊಬ್ಬರಿಗೆ ತಲುಪಿತ್ತು. ಬೆಳಗಿನ ಆರು ಗಂಟೆಗೆ ಫೋನ್ ಮಾಡಿ, ಗದ್ಗದ ಕಂಠದಲ್ಲಿ, "ನಮಗೆ ಬಂತು" ಎಂದರು.

ಆ "ನಮಗೆ" ನನ್ನ ನಿದ್ದೆ ಕೆಡಿಸಿತು. ಪೆಟ್ಟಿಗೆ ಮಾಡಿದವನು ಬೇರೆ, ಪ್ರಶಸ್ತಿ ಕೊಟ್ಟವರು ಬೇರೆ. ಇವರು ಮಾಡಿದ ಘನಕಾರ್ಯವೆಂದರೆ ಮುಂಗಡ ಹಣ ಕಟ್ಟಿ ಹದಿನಾಲ್ಕು ತಿಂಗಳು ಕಾದದ್ದು. ಆದರೆ ಗೆಳೆಯರ ತರ್ಕ ಸರಳವಾಗಿತ್ತು. "ಯಾರೂ ಅವನ ಹೆಸರು ಕೇಳದಿದ್ದಾಗ ನಾನು ಕೇಳಿ ಗುರುತಿಸಿದ್ದೆ. ಇವತ್ತು ತಜ್ಞರು ಒಪ್ಪಿದ್ದಾರೆ. ಹಾಗಾದರೆ ನನ್ನ ಕಿವಿ ಎಂಥದು?" ಪ್ರಶಸ್ತಿಪತ್ರದಲ್ಲಿ ತಯಾರಕನ ಹೆಸರಿತ್ತು ನಿಜ. ಕಿರೀಟ ಮಾತ್ರ ಕೊಂಡವರ ಕಿವಿಯ ಮೇಲೆ ಕೂತಿತ್ತು.

ಪೆಟ್ಟಿಗೆಯನ್ನು ಹಳಿಯುವ ಉದ್ದೇಶ ನನಗಿಲ್ಲ. ಅದರ ಕೆಲಸ ನಿಜಕ್ಕೂ ನಾಜೂಕಿನದು. ತಟ್ಟೆಯ ಗೀರಿನಲ್ಲಿ ಓಡುವ ವಜ್ರದ ಮುಳ್ಳು ಹುಟ್ಟಿಸುವುದು ಕೆಲವೇ ಮಿಲಿವೋಲ್ಟ್ ವಿದ್ಯುತ್ತು. ಮುಳ್ಳನ್ನು ಹೊತ್ತ ಪುಟ್ಟ ಗೂಡು, ಅಂದರೆ ಕಾರ್ಟ್ರಿಜ್, ಮೂವಿಂಗ್ ಕಾಯಿಲ್ ಜಾತಿಯದಾದರೆ ಬಹುಮಟ್ಟಿಗೆ ಅರ್ಧ ಮಿಲಿವೋಲ್ಟಿನ ಆಚೀಚೆ. ಅದನ್ನು ನೂರಾರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಹಿಗ್ಗಿಸಬೇಕು. ಜೊತೆಗೆ ಒಂದು ಹಳೆಯ ಲೆಕ್ಕವನ್ನೂ ಚುಕ್ತಾ ಮಾಡಬೇಕು. ತಟ್ಟೆ ಕೊರೆಯುವಾಗ ಮಂದ್ರದ ಸ್ವರಗಳನ್ನು ಬೇಕೆಂದೇ ಕುಗ್ಗಿಸಿರುತ್ತಾರೆ. ಇಲ್ಲವಾದರೆ ಗೀರು ಅತ್ತಿತ್ತ ಓಲಾಡಿ ಪಕ್ಕದ ಗೀರಿನ ಮನೆಗೇ ನುಗ್ಗುತ್ತದೆ. ತಾರದ ಸ್ವರಗಳನ್ನು ಎತ್ತಿರುತ್ತಾರೆ. ಇಲ್ಲವಾದರೆ ಅವು ತಟ್ಟೆಯ ಸರಸರ ಸದ್ದಿನಲ್ಲಿ ಮುಳುಗುತ್ತವೆ. ನುಡಿಸುವಾಗ ಕುಗ್ಗಿಸಿದ್ದನ್ನು ಎತ್ತಬೇಕು, ಎತ್ತಿದ್ದನ್ನು ಇಳಿಸಬೇಕು. ಎರಡು ತುದಿಗಳಲ್ಲೂ ಸುಮಾರು 20 ಡೆಸಿಬೆಲ್‌ನಷ್ಟು. ಈ ಏರಿಳಿತದ ಗೆರೆಯನ್ನು ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘವಾದ ಆರ್‌ಐಎಎ 1954ರಲ್ಲೇ ಹಾಕಿಕೊಟ್ಟಿದೆ. ಸರಿಯುತ್ತರವನ್ನು ಹಲಗೆಯ ಮೇಲೆ ಬರೆದು ಎಪ್ಪತ್ತು ವರ್ಷವಾಗಿದೆ. ಅದನ್ನು ಯಾರು ತಪ್ಪಿಲ್ಲದೆ ನಕಲು ಮಾಡುತ್ತಾರೆ ಎಂಬುದಷ್ಟೇ ಸ್ಪರ್ಧೆ. ಶೆಡ್ಡಿನ ಮನುಷ್ಯ ಚೆನ್ನಾಗಿ ನಕಲು ಮಾಡಿದ್ದ. ತಾನು ಅಳತೆ ನೋಡಿ ರೆಸಿಸ್ಟರುಗಳನ್ನು ಆರಿಸುತ್ತೇನೆ, ಅಷ್ಟೇ ಗುಟ್ಟು ಎಂದು ಆತನೇ ಹೇಳಿದ್ದ.

ಪತ್ರಿಕೆ ಇದನ್ನು ಒಪ್ಪಲಿಲ್ಲ. ರೆಸಿಸ್ಟರಿಗೆ ಪ್ರಶಸ್ತಿ ಕೊಡಲಾಗುತ್ತದೆಯೇ? ಒಕ್ಕಣೆಯಲ್ಲಿ ಉಸಿರು ಬಂತು, ಆತ್ಮ ಬಂತು, ಹಾಡು ಹಾಡಿನ ನಡುವಿನ ಮೌನ "ಇನ್ನಷ್ಟು ಕಪ್ಪಾಯಿತು". ಕಡೆಯಲ್ಲಿ, ಬರಲೇಬೇಕಾದ ಆ ವಾಕ್ಯವೂ ಬಂತು: ಗಾಯಕಿಗೂ ನಮಗೂ ನಡುವೆ ಇದ್ದ ತೆರೆಯೊಂದು ಸರಿದಂತಾಯಿತು. ಈ ತೆರೆಯ ವಿಷಯದಲ್ಲಿ ನನಗೊಂದು ತಕರಾರಿದೆ. ನಾನು ಈ ಬಗೆಯ ವಿಮರ್ಶೆಗಳನ್ನು ಓದಲು ತೊಡಗಿ ದಶಕಗಳೇ ಆದವು. ಪ್ರತಿ ವರ್ಷ, ಪ್ರತಿ ಪೆಟ್ಟಿಗೆಗೆ, ಪ್ರತಿ ತಂತಿಗೆ ಒಂದೊಂದು ತೆರೆ ಸರಿದಿದೆ. ದ್ರೌಪದಿಯ ಸೀರೆ ಎಳೆದು ದುಶ್ಶಾಸನನೇ ಸುಸ್ತಾಗಿ ಕೂತ. ಈ ವಿಮರ್ಶಕರು ಇನ್ನೂ ಎಳೆಯುತ್ತಲೇ ಇದ್ದಾರೆ. ಇಷ್ಟೊಂದು ತೆರೆಗಳ ಹಿಂದೆ ಕೂತು ಹಾಡಿದ ಆ ಹೆಂಗಸು ಮೊದಲು ಯಾರಿಗಾದರೂ ಕೇಳಿಸಿದ್ದಾದರೂ ಹೇಗೆ?

ಇರಲಿ, ಕೇಳಿಯೇ ಬಿಡೋಣ ಎಂದು ಗೆಳೆಯರ ಮನೆಗೆ ಹೋದೆ. ಕೋಣೆಯಲ್ಲಿ ಒಂದೇ ಕುರ್ಚಿ. ಎರಡು ಸ್ಪೀಕರುಗಳಿಂದ ಸಮಾನ ದೂರದ ಆ ಒಂದು ಬಿಂದುವಿನಲ್ಲಿ ಮಾತ್ರ ಸಂಗೀತ ಸರಿಯಾಗಿ ಕೇಳಿಸುತ್ತದಂತೆ. ಅಲ್ಲಿ ಅವರು ಕೂತರು. ನನಗೆ ಗೋಡೆಯ ಪಕ್ಕದ ಮಣೆ ಸಿಕ್ಕಿತು. ಅವರದೇ ಸಿದ್ಧಾಂತದ ಪ್ರಕಾರ ಅಲ್ಲಿ ಕೇಳಿಸುವುದಕ್ಕೆ ಸಂಗೀತವೆಂಬ ಹೆಸರೇ ಸಲ್ಲದು. ಮೊದಲು ಟರ್ನ್‌ಟೇಬಲ್ ಮೇಲೆ ರಸಮಟ್ಟ ಇಟ್ಟರು. ಗುಳ್ಳೆ ನಡುವಿಗೆ ಬರುವವರೆಗೂ ಒಂದು ಕಾಲನ್ನು ತಿರುಗಿಸಿದರು, ಆಮೇಲೆ ಇನ್ನೊಂದನ್ನು. ನಂತರ ಚಿನ್ನ ತೂಗುವಂಥ ಪುಟ್ಟ ತಕ್ಕಡಿಯ ಮೇಲೆ ಮುಳ್ಳನ್ನು ಇಳಿಸಿ ಭಾರ ನೋಡಿದರು: 1.82 ಗ್ರಾಂ. ಮುಖ ಕಪ್ಪಿಟ್ಟಿತು. ಹಿಂಬದಿಯ ಭಾರವನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ತೂಗಿದರು: 1.80. ಮುಖ ಅರಳಿತು. ಬ್ರಷ್ಷಿನಿಂದ ತಟ್ಟೆಯ ಧೂಳು ತೆಗೆದರು, ಬ್ರಷ್ಷಿನ ಧೂಳನ್ನು ಇನ್ನೊಂದು ಬ್ರಷ್ಷಿನಿಂದ ತೆಗೆದರು. ಮುಳ್ಳು ಇಳಿಯುವಾಗ ನಾನೂ ಉಸಿರು ಬಿಗಿ ಹಿಡಿದೆ, ಏಕೆಂದು ಗೊತ್ತಿಲ್ಲ.

"ಕೇಳಿಸಿತೇ?" ಎಂದರು.

"ಕೇಳಿಸಿತು. ಚಟಪಟ ಎನ್ನುತ್ತಿದೆ."

"ಅದಲ್ಲ, ಅದರ ಹಿಂದಿನ ಮೌನ."

ನಾನು ಚಟಪಟದ ಹಿಂದೆ ಇಣುಕಿ ನೋಡಲು ಪ್ರಯತ್ನಿಸಿದೆ. ಅಷ್ಟರಲ್ಲಿ ಹಾಡು ಶುರುವಾಯಿತು. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಕಣ್ಣು ಮುಚ್ಚಿ ತಲೆದೂಗುವ ಹೊತ್ತಿಗೆ ಅವರು ಎದ್ದು ಮುಳ್ಳನ್ನು ಎತ್ತಿಬಿಟ್ಟರು. ಟೋನ್‌ಆರ್ಮ್ (ಮುಳ್ಳನ್ನು ಹಿಡಿದ ತೋಳು) ಎತ್ತರ ಒಂದು ಎಳೆ ಹೆಚ್ಚಾಗಿದೆಯಂತೆ. ಸರಿಮಾಡಿ ಮತ್ತೆ ಮೊದಲಿನಿಂದ. ಮತ್ತೆ ಎದ್ದರು, ಮತ್ತೆ ಮೊದಲಿನಿಂದ. ಹಾಡಿದ್ದೇ ಹಾಡುವ ಕಿಸುಬಾಯಿ ದಾಸನನ್ನು ಬೈಯುವ ನಾವು, ಅವನನ್ನು ದುಡ್ಡು ಕೊಟ್ಟು ಮನೆಗೆ ತಂದಿಟ್ಟುಕೊಂಡಿದ್ದೇವಲ್ಲ ಎನ್ನಿಸಿತು. ಗಾಯಕಿ ಪಲ್ಲವಿಯನ್ನು ಆರು ಬಾರಿ ಹಾಡಿದಳು; ಚರಣಕ್ಕೆ ಬರಲು ಅವಳಿಗೆ ಅಪ್ಪಣೆ ಸಿಗಲೇ ಇಲ್ಲ.

ಹೋಗಲಿ, ತಟ್ಟೆಯ ಕೊನೆಯ ಹಾಡನ್ನಾದರೂ ಹಾಕಿ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆಯ ಹೊರ ಅಂಚಿನಲ್ಲಿ ಗೀರು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡುತ್ತದೆ; ಒಳ ಅಂಚಿಗೆ ಬರುವ ಹೊತ್ತಿಗೆ ಅದು 20ರ ಆಸುಪಾಸಿಗೆ ಇಳಿದಿರುತ್ತದೆ. ಅದೇ ಸ್ವರವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮಡಚಿ ತುಂಬಬೇಕು. ಹಾಗಾಗಿ ಒಳಗೆ ಹೋದಂತೆಲ್ಲ ಸದ್ದು ಕೆಡುವುದು ಈ ತಟ್ಟೆಯ ಹುಟ್ಟುಗುಣ. ಯಾವ ಪ್ರಶಸ್ತಿಯೂ ಅದನ್ನು ತಿದ್ದಲಾರದು. ಗೆಳೆಯರ ಪರಿಹಾರ ಸೊಗಸಾಗಿದೆ: ಅವರು ಒಳಗಿನ ಹಾಡುಗಳನ್ನು ಕೇಳುವುದೇ ಇಲ್ಲ. ಅವರ ತಟ್ಟೆಗಳಲ್ಲಿ ಅಂಚಿನ ಹಾಡು ಸವೆದಿದೆ, ನಡುವಿನದು ಕಾರ್ಖಾನೆಯಿಂದ ಬಂದಂತೆಯೇ ಇದೆ.

ಇಂಥ ಕಿವಿಗಳ ಬಗ್ಗೆ ಅನುಮಾನ ಪಡುವುದು ಪಾಪ. ಆದರೂ ಪಾಪಿಯೊಬ್ಬ ಎಲ್ಲ ಕಾಲದಲ್ಲೂ ಇರುತ್ತಾನೆ. ಅಮೆರಿಕದ ಮೊಬೈಲ್ ಫಿಡೆಲಿಟಿ ಎಂಬ ಸಂಸ್ಥೆ ಮೂಲ ಟೇಪಿನಿಂದ ತಯಾರಿಸಿದ ತಟ್ಟೆಗಳಿಗೆ ಹೆಸರುವಾಸಿ. ನಡುವೆ ಎಲ್ಲೂ ಕಂಪ್ಯೂಟರಿನ ಸೋಂಕಿಲ್ಲ, ಎಲ್ಲವೂ ಅಪ್ಪಟ ಅನಲಾಗ್ ಎಂದು ಭಕ್ತರು ನಂಬಿದ್ದರು. "ಡಿಜಿಟಲ್ ಆದರೆ ನನಗೆ ಎರಡೇ ಕ್ಷಣದಲ್ಲಿ ತಲೆನೋವು ಬರುತ್ತದೆ" ಎನ್ನುವವರೂ ಅವನ್ನೇ ಕೊಂಡು, ಕೇಳಿ, ಕಣ್ಣೀರು ಹಾಕಿದರು. 2022ರಲ್ಲಿ ನಿಜ ಹೊರಬಿತ್ತು: 2011ರಿಂದಲೇ ಆ ಸಂಸ್ಥೆ ಅನೇಕ ತಟ್ಟೆಗಳಿಗೆ ಟೇಪನ್ನು ಮೊದಲು ಡಿಜಿಟಲ್‌ಗೆ ಇಳಿಸಿ, ಆ ಪ್ರತಿಯಿಂದಲೇ ಕೊರೆಸುತ್ತಿತ್ತು. ಹನ್ನೊಂದು ವರ್ಷ! ತಂತಿಯ ದಿಕ್ಕು ಬದಲಾದರೆ ಗುರುತಿಸುವ ಕಿವಿಗಳಿಗೆ ಹನ್ನೊಂದು ವರ್ಷ ಹೂವಿಟ್ಟಿದ್ದರು, ಪರಿಮಳವೂ ಗೊತ್ತಾಗಲಿಲ್ಲ. ಯಾರಿಗೂ ತಲೆನೋವು ಬರಲಿಲ್ಲ. ಸುದ್ದಿ ಓದಿದ ಮೇಲೆ ಬಂತು. ಮೊಕದ್ದಮೆಯಾಯಿತು, 2.5 ಕೋಟಿ ಡಾಲರ್ ಮೊತ್ತದ ರಾಜಿಯೂ ಆಯಿತು. ಸಂಸ್ಥೆ ಗ್ರಾಹಕರಿಗೆ ನಿಜ ಹೇಳದೆ ಇದ್ದದ್ದು ತಪ್ಪೇ. ಆದರೆ ಗ್ರಾಹಕರ ಕಿವಿಗಳೂ ಅವರಿಗೆ ನಿಜ ಹೇಳಿರಲಿಲ್ಲ. ಅವುಗಳ ಮೇಲೆ ಯಾರೂ ದಾವೆ ಹೂಡಲಿಲ್ಲ.

ಗೆಳೆಯರಲ್ಲಿ ಇದನ್ನು ಪ್ರಸ್ತಾಪಿಸಿದೆ. "ನನಗೆ ಆಗಲೇ ಏನೋ ಅನ್ನಿಸಿತ್ತು" ಎಂದರು. ಆ ತಟ್ಟೆಗಳು ಇನ್ನೂ ಕಪಾಟಿನ ಮೇಲಿನ ಅರೆಯಲ್ಲೇ ಇದ್ದವು.

ಪ್ರಶಸ್ತಿಯ ಸಂಭ್ರಮಕ್ಕೆ ಸಮಾನಾಸಕ್ತರ ಕೂಟ ಏರ್ಪಾಡಾಯಿತು. ಪೆಟ್ಟಿಗೆಗೆ ರೇಷ್ಮೆಯ ಬಟ್ಟೆ ಹೊದಿಸಿ ಮೇಜಿನ ಮೇಲೆ ಇಟ್ಟಿದ್ದರು. ನುಡಿಸಲಿಲ್ಲ. ಸಭಾಂಗಣದ ಗೋಡೆಗಳು ಸರಿಯಿಲ್ಲ, ಇಲ್ಲಿ ನುಡಿಸಿದರೆ ಅದಕ್ಕೆ ಅವಮಾನ ಎಂದು ತೀರ್ಮಾನವಾಗಿತ್ತು. ನೆರೆದವರಲ್ಲಿ ಪೆಟ್ಟಿಗೆ ಇದ್ದದ್ದು ಮೂವರ ಬಳಿ. ಉಳಿದವರು ಅದರ ಬಗ್ಗೆ ಓದಿದವರು. ಇದರಲ್ಲಿ ಆಶ್ಚರ್ಯವಿಲ್ಲ. ಅಮೆರಿಕದಲ್ಲಿ ವಿನೈಲ್ ತಟ್ಟೆ ಕೊಳ್ಳುವವರಲ್ಲಿ ಅರ್ಧದಷ್ಟು ಜನರ ಬಳಿ ಮಾತ್ರ ಅದನ್ನು ನುಡಿಸುವ ಯಂತ್ರವಿದೆ ಎಂದು ಮಾರಾಟದ ಲೆಕ್ಕ ಇಡುವ ಲುಮಿನೇಟ್ ಸಂಸ್ಥೆ 2023ರಲ್ಲಿ ಹೇಳಿತ್ತು. ಅವರು ಬುದ್ಧಿವಂತರು. ಅವರ ತಟ್ಟೆ ಸವೆಯುವುದಿಲ್ಲ.

ತಯಾರಕನೂ ಬಂದಿದ್ದ. ಬೆರಳ ತುದಿಯಲ್ಲಿ ಬೆಸುಗೆಯ ಸುಟ್ಟ ಕಲೆ, ಮುಖದಲ್ಲಿ ನಿದ್ದೆಗೆಟ್ಟ ಕಳೆ. ನಿಮ್ಮ ನಾದದರ್ಶನವೇನು ಎಂದು ಒಬ್ಬರು ಕೇಳಿದರು. ಹಳೆಯ ಪುಸ್ತಕವೊಂದರ ಸರ್ಕ್ಯೂಟು, ಅಲ್ಲಲ್ಲಿ ತಿದ್ದಿದ್ದೇನೆ ಎಂದ. ವಿನಯಕ್ಕೆ ಚಪ್ಪಾಳೆ. ಬೆಸುಗೆ ಹಾಕುವಾಗಿನ ನಿಮ್ಮ ಮನಃಸ್ಥಿತಿ ನಾದದಲ್ಲಿ ಇಳಿಯುತ್ತದೆಯೇ ಎಂದು ಇನ್ನೊಬ್ಬರು. ಮನಸ್ಸು ಬೇರೆಡೆ ಇದ್ದರೆ ಕೈ ಸುಡುತ್ತದೆ ಎಂದ. ಇನ್ನೂ ಜೋರು ಚಪ್ಪಾಳೆ. ಆತ ಗಾಬರಿಯಿಂದ ಬಾಗಿಲ ಕಡೆ ನೋಡುತ್ತಿದ್ದುದನ್ನು ಬಹುಶಃ ನಾನೊಬ್ಬನೇ ಕಂಡೆ.

ಮುಂದಿನದು ನಿರೀಕ್ಷಿತವೇ. ಬೇಡಿಕೆ ಹೆಚ್ಚಿತು. ಆತ ಇಬ್ಬರು ಹುಡುಗರನ್ನು ಕೆಲಸಕ್ಕೆ ಇಟ್ಟುಕೊಂಡ. ನನ್ನ ಗೆಳೆಯರ ಮುಖ ಬಾಡತೊಡಗಿತು. ಯಾರಿಗೂ ಗೊತ್ತಿಲ್ಲದವನನ್ನು ಗುರುತಿಸಿದ ಕಿವಿಗೆ, ಈಗ ಎಲ್ಲರಿಗೂ ಗೊತ್ತಿರುವವನಿಂದ ಏನು ಮರ್ಯಾದೆ? ಎರಡು ತಿಂಗಳ ಬಳಿಕ ಸಿಕ್ಕಾಗ ದನಿ ತಗ್ಗಿಸಿ ಹೇಳಿದರು: "ಈಚೆಗೆ ಬರುತ್ತಿರುವ ಪೆಟ್ಟಿಗೆಗಳಲ್ಲಿ ಮೊದಲಿನ ಆ ಗುಣ ಇಲ್ಲ. ನನ್ನದು 23ನೆಯದು. ಅದರ ಮಾತೇ ಬೇರೆ."

ತಯಾರಕನಿಗೇ ಫೋನ್ ಮಾಡಿ ಕೇಳಿದರಂತೆ. ಎಲ್ಲವೂ ಅದೇ, ಅದೇ ರೆಸಿಸ್ಟರು, ಅದೇ ಅಳತೆ ಎಂದು ಆತ ಆಣೆ ಮಾಡಿದ. ಇವರು ಬಿಡಲಿಲ್ಲ. ಕೊನೆಗೆ ಆತ ಯೋಚಿಸಿ, ಮುಚ್ಚಳದ ಸ್ಕ್ರೂ ಬದಲಾಗಿದೆ, ಮೊದಲು ಹಿತ್ತಾಳೆಯದು ಇತ್ತು, ಈಗ ಸ್ಟೀಲಿನದು, ಹಿತ್ತಾಳೆಯದು ಮುಗಿದುಹೋಯಿತು ಎಂದ.

"ನಾನು ಹೇಳಲಿಲ್ಲವೇ!" ಗೆಳೆಯರ ಕಣ್ಣಲ್ಲಿ ಆ ಬೆಳಗಿನ ಜಾವದ ಹೊಳಪು ಮರಳಿತ್ತು. ಹಿತ್ತಾಳೆಯ ಸ್ಕ್ರೂಗಳಿಗೆ ಕೂಟದಲ್ಲಿ ಆಗಲೇ ಹುಡುಕಾಟ ಶುರುವಾಗಿದೆಯಂತೆ. ಒಬ್ಬರು ಇವರ ನಾಲ್ಕಕ್ಕೂ ಬೆಲೆ ಕೇಳಿದ್ದರಂತೆ. ಕಳುವಾದರೆ ಕಷ್ಟ. ಆದ್ದರಿಂದ ನಾಲ್ಕನ್ನೂ ಬಿಚ್ಚಿ, ಹತ್ತಿಯಲ್ಲಿ ಸುತ್ತಿ, ಬೀರುವಿನೊಳಗೆ ಇಟ್ಟು ಬೀಗ ಹಾಕಿದ್ದಾರೆ.

"ಹಾಗಾದರೆ ಮುಚ್ಚಳ?" ಎಂದೆ.

"ತೆಗೆದಿಟ್ಟಿದ್ದೇನೆ. ನೀವು ಬಂದು ಕೇಳಲೇಬೇಕು" ಎಂದರು. "ಇನ್ನೂ ಒಂದು ತೆರೆ ಸರಿದಿದೆ."