ಮಧ್ಯಾಹ್ನದ ಬೀಗ

ಹೋದ ವಾರ ಮಧ್ಯಾಹ್ನ ಎರಡೂಮುಕ್ಕಾಲಿಗೆ ನಮ್ಮ ಕ್ಯಾಂಟೀನಿನ ಮೂವರು ಹುಡುಗರು ಪಕ್ಕದ ಪಾರ್ಕಿನ ಕಾಂಪೌಂಡ್ ಹೊರಗೆ ಫುಟ್‌ಪಾತಿನಲ್ಲಿ ರಟ್ಟು ಹಾಸಿ ಮಲಗಿದ್ದರು. ಒಳಗಿನ ಮಳೆಮರದ ಒಂದು ಕೊಂಬೆ ಹೊರಗೆ ಚಾಚಿದೆ. ಆ ಕೊಂಬೆಯ ನೆರಳಲ್ಲಿ ಮೂರು ತಲೆ, ಬಿಸಿಲಲ್ಲಿ ಆರು ಕಾಲು. ಒಳಗೆ ಬೆಂಚುಗಳೆಲ್ಲ ಖಾಲಿ. ಗೇಟಿಗೆ ಬೀಗ. ವಾಚ್‌ಮ್ಯಾನನ್ನು ಕೇಳಿದೆ. "ಚಾರ್ ಬಜೇ ಆನಾ, ಅಣ್ಣಾ" ಎಂದ. ನಾಲ್ಕು ಗಂಟೆಗೆ ನಮ್ಮ ಹುಡುಗರು ಬಟಾಟೆವಡೆಯ ಬಾಣಲೆ ಮುಂದೆ ನಿಂತಿರುತ್ತಾರೆ ಮಾರಾಯ್ರೆ.

ಇದನ್ನು ಬರೆಯಲು ಕೂತದ್ದು ಅದಕ್ಕೇ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಿದ್ದವರು ಓದಿ.

ನಾನು ಏಳನೇ ಕ್ಲಾಸು ಮುಗಿಸಿ ಕಾರ್ಕಳದ ಕಡೆಯಿಂದ ಮುಂಬಯಿ ಬಸ್ಸು ಹತ್ತಿದ್ದು 1984ರಲ್ಲಿ. ಮಾಟುಂಗಾದ ಹೋಟೆಲಿನಲ್ಲಿ ಕ್ಲೀನರ್. ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕು, ರಾತ್ರಿ ಕನ್ನಡ ರಾತ್ರಿ ಶಾಲೆ. ನಡುವೆ ಊಟದ ಗಿರಾಕಿ ಕರಗಿದ ಮೇಲೆ ಎರಡರಿಂದ ನಾಲ್ಕೂವರೆ ಮಾತ್ರ ನನ್ನದು. ಆ ಹೊತ್ತಿಗೆ ಪುಸ್ತಕ ಹಿಡಿದು ಅಲ್ಲೇ ಹತ್ತಿರದ ಫೈವ್ ಗಾರ್ಡನ್ಸ್ ಎಂಬ ಪಾರ್ಕಿಗೆ ಹೋಗುತ್ತಿದ್ದೆ. ಆಗ ಗೇಟು ಇತ್ತೋ ಇಲ್ಲವೋ ನೆನಪಿಲ್ಲ, ಯಾರೂ ತಡೆದದ್ದಂತೂ ಇಲ್ಲ. ಓದಿದ್ದು ಕಡಿಮೆ, ನಿದ್ದೆ ಹೊಡೆದದ್ದೇ ಜಾಸ್ತಿ. ಆದರೆ ಹೋಟೆಲಿನ ಅಟ್ಟದಲ್ಲಿ ಹನ್ನೊಂದು ಜನರ ಬೆವರಿನ ನಡುವೆ ಮಲಗುತ್ತಿದ್ದವನಿಗೆ ಆ ನಿದ್ದೆಯ ಬೆಲೆ ಗೊತ್ತು.

ಆ ಗಾರ್ಡನ್ನು ಅಲ್ಲಿ ಯಾಕೆ ಬಂತು ಎಂಬುದು ನನಗೆ ಗೊತ್ತಾದದ್ದು ತುಂಬ ವರ್ಷಗಳ ನಂತರ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿ ಕೇರಿಯಲ್ಲಿ ಜನ ಜ್ವರ ಬಂದು, ಗೆಡ್ಡೆ ಕಟ್ಟಿ ಸಾಯತೊಡಗಿದಾಗ ಇದು ಪ್ಲೇಗ್ ಎಂದು ಮೊದಲು ಗುರುತಿಸಿದವರು ಗೋವಾ ಮೂಲದ ಡಾಕ್ಟರ್ ಅಕಾಸಿಯೊ ವಿಯೆಗಾಸ್. ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಜನ ಸತ್ತರು, ಉಳಿದವರಲ್ಲಿ ತುಂಬ ಜನ ಊರು ಬಿಟ್ಟು ಓಡಿದರು. ಎಷ್ಟೋ ಬಟ್ಟೆ ಗಿರಣಿಗಳ ಕೆಲಸ ಕುಂಟಿತು. ವ್ಯಾಪಾರಕ್ಕೆ ಪೆಟ್ಟು ಬಿದ್ದಾಗ ಮಾತ್ರ ಸರಕಾರಕ್ಕೆ ಎಚ್ಚರ ಆಗುವುದು, ಆಗಲೂ ಹಾಗೆಯೇ. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅಗಲ ರಸ್ತೆ, ಮನೆ ಮನೆಗೆ ಗಾಳಿ, ನಡುವೆ ತೋಟ ಎಂದು ಗೆರೆ ಹಾಕಿ ದಾದರ್-ಮಾಟುಂಗಾ ಬಡಾವಣೆ ಮಾಡಿದ್ದು ಅದೇ ಟ್ರಸ್ಟು. ನಮ್ಮವರು ಹೋಟೆಲು ಇಟ್ಟದ್ದು, ಮೈಸೂರು ಅಸೋಸಿಯೇಷನ್ ಕಟ್ಟಿದ್ದು ಎಲ್ಲ ಆ ಗೆರೆಗಳ ನಡುವೆಯೇ. ಅಂದರೆ ನಾನು ಮಲಗಿದ ಹುಲ್ಲು ಪ್ಲೇಗಿಗೆ ಬರೆದ ಮದ್ದಿನ ಚೀಟಿ. ಆ ಪಾರ್ಕು ಶುರುವಾದದ್ದು ಚಂದಕ್ಕಲ್ಲ. (ಆ ಟ್ರಸ್ಟು ಚಾಳು ಒಡೆದು ಎಬ್ಬಿಸಿದ ಬಡವರೆಲ್ಲರಿಗೂ ಹೊಸ ಮನೆ ಸಿಗಲಿಲ್ಲ, ಅದು ಬೇರೆ ಕತೆ.)

ಈಗಿನ ಪ್ಲೇಗು ಸಕ್ಕರೆ. ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಅಧ್ಯಯನ 2023ರಲ್ಲಿ ಕೊಟ್ಟ ಲೆಕ್ಕ: ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ, ಇನ್ನೂ 13.6 ಕೋಟಿ ಜನ ಹೊಸ್ತಿಲಲ್ಲಿ. ಆ ಹತ್ತು ಕೋಟಿಯಲ್ಲಿ ನಾನೂ ಒಬ್ಬ. ನಾಲ್ಕು ವರ್ಷದ ಹಿಂದೆ ಡಾಕ್ಟರು ಚೀಟಿಯಲ್ಲಿ ಎರಡು ಬರೆದರು: ಮೆಟ್‌ಫಾರ್ಮಿನ್, ಮತ್ತು ದಿನಾ ಮುಕ್ಕಾಲು ಗಂಟೆ ನಡಿಗೆ. ಮಾತ್ರೆ ಮೂಲೆಯ ಮೆಡಿಕಲಿನಲ್ಲಿ ಸಿಕ್ಕಿತು. ನಡಿಗೆಗೆ ಬೆಳಿಗ್ಗೆ ಪುರುಸೊತ್ತಿಲ್ಲ, ದೋಸೆಯ ಗಿರಾಕಿ. ಸಂಜೆಯೂ ಇಲ್ಲ. ಮಧ್ಯಾಹ್ನ ಉಂಟು, ಪಾರ್ಕಿಗೆ ಬೀಗ. ಹಾಗಾಗಿ ಫ್ಲೈಓವರ್ ಕೆಳಗೆ ನಡೆಯುತ್ತೇನೆ, ಡೀಸೆಲ್ ಹೊಗೆ ಕುಡಿಯುತ್ತಾ. ಸಕ್ಕರೆ ಇಳಿದರೆ ಉಬ್ಬಸ ಏರುತ್ತದೆ.

ಅಂಕಿ ಬೇಕಾದವರಿಗೆ ಒಂದು. ಮುಂಬಯಿಯಲ್ಲಿ ತಲೆಗೆ ಸಿಗುವ ತೆರೆದ ಜಾಗ ಹೆಚ್ಚು ಕಡಿಮೆ ಒಂದೂಕಾಲು ಚದರ ಮೀಟರ್. ಹೋಟೆಲಿನವನ ಲೆಕ್ಕದಲ್ಲಿ ಹೇಳುವುದಾದರೆ, ನಾಲ್ಕು ಜನ ಕೂರುವ ಟೇಬಲ್ಲು ಕುರ್ಚಿ ಹಾಕಲೂ ಸಾಲದು. ಕೇಂದ್ರದ 2014ರ ನಗರ ಯೋಜನಾ ಮಾರ್ಗಸೂಚಿ ಹೇಳುವುದು 10ರಿಂದ 12 ಚದರ ಮೀಟರ್. ಬೊರಿವಲಿಯ ನ್ಯಾಷನಲ್ ಪಾರ್ಕು ಉಂಟಲ್ಲ, ನೂರು ಚದರ ಕಿಲೋಮೀಟರಿಗಿಂತ ದೊಡ್ಡದು ಎಂದು ಯಾರಾದರೂ ಕಮೆಂಟು ಹಾಕುತ್ತೀರಿ. ಉಂಟು. ಅದು ಚಿರತೆಯ ಮನೆ, ಇರಲಿ. ಕುರ್ಲಾದ ಮುದುಕಿ ದಿನಾ ಸಂಜೆ ಕಾಲಾಡಿಸಲು ಅಲ್ಲಿಗೆ ಹೋಗುತ್ತಾಳೆಯೇ?

ಜಾಗ ಇರಲಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ಕಣ್ಣೆದುರೇ ಇತ್ತು. ಪರೇಲ್, ಲಾಲ್‌ಬಾಗ್, ಲೋವರ್ ಪರೇಲಿನ ಗಿರಣಿಗಳ ಜಮೀನು ಸುಮಾರು 600 ಎಕರೆ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ತಣ್ಣಗಾದವು. 1991ರಲ್ಲಿ ಬಂದ ನಿಯಮ ಬಹಳ ಸರಳ: ಗಿರಣಿ ಜಾಗದಲ್ಲಿ ಹೊಸದಾಗಿ ಕಟ್ಟುವುದಾದರೆ ಮೂರನೇ ಒಂದು ಪಾಲು ಬಯಲಿಗೆ, ಒಂದು ಪಾಲು ಮ್ಹಾಡಾ (ಸರಕಾರದ ವಸತಿ ಮಂಡಳಿ) ಮನೆಗಳಿಗೆ, ಒಂದು ಪಾಲು ಮಾಲೀಕರಿಗೆ. 2001ರಲ್ಲಿ ಆ ನಿಯಮಕ್ಕೆ ಸಣ್ಣ ತಿದ್ದುಪಡಿ ಆಯಿತು. ಪಾಲು ಮಾಡಬೇಕಾದದ್ದು ಇಡೀ ಜಮೀನನ್ನಲ್ಲ, ಕಟ್ಟಡ ಇಲ್ಲದ ಖಾಲಿ ಜಾಗವನ್ನು ಮಾತ್ರ! ಗಿರಣಿ ಎಂದರೆ ಗೋಡೆಯಿಂದ ಗೋಡೆಗೆ ಶೆಡ್ಡು, ಖಾಲಿ ಎಲ್ಲಿಂದ ಬರಬೇಕು? ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ 2006ರಲ್ಲಿ ತಿದ್ದುಪಡಿಯೇ ಗೆದ್ದಿತು. ಗಿರಣಿಯವರಿಗೆ ಚಹಾ ಬನ್ನು ಹೊತ್ತು ಹಾಕಿದ ನಮ್ಮ ಹಳೆಯ ಸಪ್ಲೈಯರುಗಳು ಈಗ ಅಲ್ಲಿನ ಮಾಲಿನಲ್ಲಿ ಎಸಿ ಗಾಳಿಗೆ ಸುತ್ತು ಹಾಕುತ್ತಾರೆ. ನಡೆಯಲು ಅದಾದರೂ ಸಿಕ್ಕಿತಲ್ಲ.

ಈಗ ಹೊಸ ಸಂಭ್ರಮ, ಸೆಂಟ್ರಲ್ ಪಾರ್ಕು. ಮಹಾಲಕ್ಷ್ಮಿ ರೇಸ್‌ಕೋರ್ಸಿನ 120 ಎಕರೆಯನ್ನು ಪಾರ್ಕಿಗೆ ತೆಗೆದುಕೊಳ್ಳುವುದೆಂದು 2024ರಲ್ಲಿ ತೀರ್ಮಾನ ಆಗಿದೆ. ಬೇಡ ಎನ್ನುವಷ್ಟು ಮೂರ್ಖ ನಾನಲ್ಲ. ಬರಲಿ. ಆದರೆ ಮಹಾಲಕ್ಷ್ಮಿಯ ಗಾಳಿ ಈಗಲೇ ಪರವಾಗಿಲ್ಲ, ಸಮುದ್ರ ಪಕ್ಕದಲ್ಲೇ. ಬಡವರ ಕೇರಿ ಗೋವಂಡಿಯವರ ಪಕ್ಕದಲ್ಲಿರುವುದು 1927ರಿಂದ ಈ ಊರಿನ ಕಸ ಹೊತ್ತುಕೊಂಡ ದೇವನಾರಿನ ಗುಡ್ಡ. ಬ್ರಿಟನ್ನಿನ ರಿಚರ್ಡ್ ಮಿಚೆಲ್ ಮತ್ತು ಫ್ರಾಂಕ್ ಪೋಫಮ್ ಎಂಬ ಇಬ್ಬರು 2008ರಲ್ಲಿ ಇಂಗ್ಲೆಂಡಿನ ಕೋಟಿಗಟ್ಟಲೆ ಜನರ ದಾಖಲೆ ಇಟ್ಟುಕೊಂಡು ನೋಡಿದರು. ಹಸಿರು ಜಾಸ್ತಿ ಇದ್ದ ಕಡೆ ಬಡವ ಬಲ್ಲಿದರ ಸಾವಿನ ಪ್ರಮಾಣದ ನಡುವಿನ ಅಂತರ ಕಡಿಮೆ ಇತ್ತು. ಹಸಿರು ಒಂದೇ ಅದಕ್ಕೆ ಕಾರಣ ಎಂದು ಅದರಿಂದ ಹೇಳಲಾಗದು, ಸರಿ. ಆದರೂ ಒಂದು ರೂಪಾಯಿ ಇದ್ದರೆ ಗೋವಂಡಿಯಲ್ಲಿ ಮೊದಲು ಹಾಕು ಎನ್ನಲು ನನಗೆ ಅಷ್ಟು ಸಾಕು.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಾಡಿದ್ದು ನನಗೆ ಇನ್ನೂ ಇಷ್ಟ. ಊರಿನ ಬೇರೆ ಬೇರೆ ಕೇರಿಗಳಲ್ಲಿ ಕಸ ತುಂಬಿದ ಖಾಲಿ ಸೈಟುಗಳನ್ನು ಆರಿಸಿ ಕೆಲವನ್ನು ಗುಡಿಸಿ, ಹುಲ್ಲು ಬೆಳೆಸಿ, ನಾಲ್ಕು ಮರ ನೆಟ್ಟು, ಒಂದು ಗಿಡ್ಡ ಬೇಲಿ ಹಾಕಿದರು. ಕೆಲವನ್ನು ಹಾಗೆಯೇ ಬಿಟ್ಟರು. 2018ರಲ್ಲಿ ಬಂದ ಫಲಿತಾಂಶದ ಪ್ರಕಾರ, ಹಾಗೆಯೇ ಬಿಟ್ಟ ಸೈಟುಗಳಿಗೆ ಹೋಲಿಸಿದರೆ ಹುಲ್ಲು ಬೆಳೆಸಿದ ಸೈಟಿನ ಹತ್ತಿರದವರಲ್ಲಿ ಮನಸ್ಸು ಕುಗ್ಗಿದೆ ಎನ್ನುವವರು 41.5 ಶೇಕಡ ಕಡಿಮೆಯಾದರು. ಕಾರಂಜಿ ಇಲ್ಲ, ಸೆಲ್ಫಿ ಪಾಯಿಂಟ್ ಇಲ್ಲ, ಬಣ್ಣದ ಲೈಟು ಸುತ್ತಿದ ತೆಂಗಿನ ಮರ ಇಲ್ಲ. (ಆ ಲೈಟು ಸುತ್ತುವ ಐಡಿಯಾ ಯಾರದ್ದೋ, ಅವರು ಒಂದು ರಾತ್ರಿ ತಲೆಗೆ ಸೀರಿಯಲ್ ಲೈಟು ಸುತ್ತಿಕೊಂಡು ಮಲಗಿ ನೋಡಲಿ.)

ನಮ್ಮಲ್ಲಿ ಪಾರ್ಕಿಗೆ ದುಡ್ಡು ಬಂತು ಎಂದರೆ ಮೊದಲು ಬರುವುದು ಟೈಲ್ಸ್. ಇದ್ದ ಮಣ್ಣು ಮುಚ್ಚಿ, ಮರದ ಬುಡಕ್ಕೆ ಉಸಿರುಗಟ್ಟುವಂತೆ ಸಿಮೆಂಟು ಬಳಿದು, ಒಂದು ಕಮಾನು ನಿಲ್ಲಿಸಿ, ಹೆಸರಿನ ಫಲಕ. ಮೂರನೇ ವರ್ಷಕ್ಕೆ ಅದೇ ಟೈಲ್ಸ್ ಎಬ್ಬಿಸಿ ಹೊಸ ಟೈಲ್ಸ್. ಮಾಲಿಯ ಸಂಬಳಕ್ಕೆ ಫಲಕ ಹಾಕಲು ಆಗುವುದಿಲ್ಲವಲ್ಲ, ಹಾಗಾಗಿ ಅದಕ್ಕೆ ಯಾವಾಗಲೂ ದುಡ್ಡಿಲ್ಲ. ಬೃಹನ್ಮುಂಬಯಿ ಪಾಲಿಕೆಯ 2025-26ರ ಬಜೆಟ್ಟು 74,000 ಕೋಟಿ ರೂಪಾಯಿಗೂ ಮೇಲೆ. ಅದರಲ್ಲಿ ಮಧ್ಯಾಹ್ನದ ಪಾಳಿಗೆ ಪ್ರತಿ ಪಾರ್ಕಿಗೆ ಇಬ್ಬರು ಕಾವಲಿನವರು ಎಷ್ಟಾದೀತು? ಸಾಂಬಾರಿನಲ್ಲಿ ಒಗ್ಗರಣೆಯ ಸಾಸಿವೆಯಷ್ಟು.

ನನ್ನ ಹೆಂಡತಿ ಇದನ್ನು ಓದಿ "ಬೀಗದ ಬಗ್ಗೆ ಇಷ್ಟು ಬರೆದಿರಿ, ಪಾಯಿಖಾನೆ ಎಲ್ಲಿ?" ಎಂದಳು. ಅವಳು ಪಾರ್ಕಿಗೆ ಹೋಗುವುದನ್ನು ಬಿಟ್ಟದ್ದೇ ಅದಕ್ಕೆ. ಗಂಡಸರಿಗೆ ಇಡೀ ಕಾಂಪೌಂಡ್ ಗೋಡೆ ಉಂಟು. ನನಗೆ ಅದು ಹೊಳೆಯಲೇ ಇಲ್ಲ, ಒಪ್ಪಿಕೊಳ್ಳುತ್ತೇನೆ.

ಮಧ್ಯಾಹ್ನ ತೆರೆದರೆ ಗರ್ದುಲ್ಲೆಗಳು (ನಶೆ ಮಾಡುವವರು) ಬರುತ್ತಾರೆ, ಜೋಡಿಗಳು ಬರುತ್ತವೆ ಎಂದು ನಮ್ಮ ಬಿಲ್ಡಿಂಗಿನ ಕಾರ್ಯದರ್ಶಿಗಳು ಹೇಳುತ್ತಾರೆ. ಜೋಡಿಗಳು ಬರಲಿ ಬಿಡಿ, ಹತ್ತು ಬೈ ಹತ್ತರ ಖೋಲಿಯಲ್ಲಿ ಏಳು ಜನ ಇರುವ ಊರಿನಲ್ಲಿ ಅವರು ಎಲ್ಲಿಗೆ ಹೋಗಬೇಕು? ಗರ್ದುಲ್ಲೆಗಳ ಮಾತು ನಿಜ, ನಾನೂ ನೋಡಿದ್ದೇನೆ. ಆದರೆ ಅವರು ಬರುವುದು ಖಾಲಿ ಜಾಗಕ್ಕೆ. ನಮ್ಮ ಹುಡುಗರು, ರಿಕ್ಷಾದವರು, ಮನೆಗೆಲಸದ ಬಾಯಿಗಳು, ಕೊರಿಯರ್ ಹುಡುಗರು ತುಂಬಿಕೊಂಡ ಬೆಂಚಿನ ಮೇಲೆ ಯಾರು ಚಿಲುಮೆ ಹಚ್ಚುತ್ತಾರೆ?

ಒಂದು ಅರ್ಜಿ ಬರೆದಿದ್ದೇನೆ, ಮರಾಠಿಯಲ್ಲಿ. ಮಗಳು ತಪ್ಪು ತಿದ್ದಿದ್ದಾಳೆ. ಕೇಳಿದ್ದು ಮೂರೇ: ಮಧ್ಯಾಹ್ನ ಗೇಟು ತೆರೆದಿರಲಿ, ಹೆಂಗಸರಿಗೆ ಪಾಯಿಖಾನೆ ಆಗಲಿ, ಮರದ ಬುಡದ ಸಿಮೆಂಟು ಒಡೆಯಲಿ. ಇಲ್ಲಿಯವರೆಗೆ 63 ಸಹಿ ಆಗಿದೆ, ಅದರಲ್ಲಿ ಹೆಬ್ಬೆಟ್ಟು ಎಂಟು. ಮಂಗಳವಾರ ವಾರ್ಡ್ ಆಫೀಸಿಗೆ ಕೊಡುವುದು. ಸಹಿ ಹಾಕುವವರು ಕ್ಯಾಂಟೀನಿಗೆ ಬನ್ನಿ, ಎರಡೂವರೆಯ ಮೇಲೆ ಬಂದರೆ ನಾನೂ ಮಾತಿಗೆ ಸಿಗುತ್ತೇನೆ. ಹುಡುಗರು ಗೋಡೆಯ ಬದಿಯಲ್ಲಿ ಮಲಗಿರುತ್ತಾರೆ, ಚಹಾ ನಾನೇ ಮಾಡಿ ಕೊಡುತ್ತೇನೆ.