ಜಾನ್ ಒಳ್ಳೆಯ ಗಂಡ, ತೊಂದರೆ ಇರುವುದೇ ಅಲ್ಲಿ

ಹೆಂಗಸಿನ ತಲೆ ಕೆಡುವ ಕಥೆ ಬರೆಯಲು ಕೂತ ನಮ್ಮ ಕಡೆಯ ಹೊಸಬರು ಮೊದಲು ಮಾಡುವ ಕೆಲಸವೆಂದರೆ ಗಂಡನ ಕೈಗೆ ಬಾಟಲಿ ಕೊಡುವುದು. ಅವನು ಕುಡಿಯುತ್ತಾನೆ, ಹೊಡೆಯುತ್ತಾನೆ, ಅತ್ತೆ ಕಾಡುತ್ತಾಳೆ, ಮೂರನೆಯ ಪುಟದ ಹೊತ್ತಿಗೆ ಸೊಸೆಗೆ ಹುಚ್ಚು ಹಿಡಿಯುತ್ತದೆ. ಕಲಬುರಗಿಯಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡುವ ನನ್ನ ಮೇಜಿಗೆ ಇಂಥ ಹಸ್ತಪ್ರತಿಗಳು ಬರುತ್ತಲೇ ಇರುತ್ತವೆ. ಬರೆದವರ ಸಿಟ್ಟು ಸಾಚಾ, ಕಥೆ ಮಾತ್ರ ನಿಲ್ಲುವುದಿಲ್ಲ. ಓದುವ ಗಂಡಸು ‘ನಾನು ಕುಡಿಯುವುದಿಲ್ಲವಲ್ಲ’ ಎಂದುಕೊಂಡು ಸಲೀಸಾಗಿ ಪಾರಾಗುತ್ತಾನೆ.

ಅಮೆರಿಕದ ಲೇಖಕಿ ಶಾರ್ಲಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ ‘ದಿ ಯೆಲ್ಲೋ ವಾಲ್‌ಪೇಪರ್’ ಎಂಬ ಕಥೆ ಆ ದಾರಿಯನ್ನೇ ಮುಚ್ಚಿಬಿಡುತ್ತದೆ. ಅಲ್ಲಿನ ಗಂಡ ಜಾನ್ ವೈದ್ಯ. ಮಗುವಾದ ಮೇಲೆ ಮನಸ್ಸು ಕುಗ್ಗಿದ ಹೆಂಡತಿಗಾಗಿ ಬೇಸಿಗೆಗೆ ಬಂಗಲೆ ಬಾಡಿಗೆಗೆ ಹಿಡಿಯುತ್ತಾನೆ, ಅವಳನ್ನು ಎತ್ತಿಕೊಂಡು ಹೋಗಿ ಮಲಗಿಸುತ್ತಾನೆ, ಪಕ್ಕದಲ್ಲಿ ಕೂತು ಓದಿ ಹೇಳುತ್ತಾನೆ. ಬರೆಯಬೇಡ, ದಣಿಯಬೇಡ, ಅಷ್ಟೇ ಅವನ ಷರತ್ತು. ಅವಳನ್ನು ಇರಿಸಿದ ಕೋಣೆಯ ಗೋಡೆಗೆ ಹಳದಿ ವಾಲ್‌ಪೇಪರ್ ಅಂಟಿಸಿದೆ. ಅದರ ಹಿಂದೆ ಒಬ್ಬ ಹೆಂಗಸು ತೆವಳುವಂತೆ ಅವಳಿಗೆ ಕಾಣತೊಡಗುತ್ತದೆ, ಕೊನೆಗೆ ಅವಳೇ ಗೋಡೆಗುಂಟ ತೆವಳತೊಡಗುತ್ತಾಳೆ. ತರಗತಿಯಲ್ಲಿ ಒಬ್ಬ ಹುಡುಗಿ, ‘ಮೇಡಂ, ಇಂಥ ಗಂಡ ಸಿಕ್ಕರೆ ನಮ್ಮ ಮನೆಯಲ್ಲಿ ಹೋಳಿಗೆ ಮಾಡುತ್ತಾರೆ’ ಎಂದಳು. ಎಲ್ಲರೂ ನಕ್ಕರು. ಕಥೆ ಹೆದರಿಸುವುದು ಸರಿಯಾಗಿ ಅದೇ ಜಾಗದಲ್ಲಿ. ಹೊಡೆಯುವವನ ಮೇಲೆ ತವರಿಗೆ ದೂರು ಒಯ್ಯಬಹುದು. ‘ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ’ ಎನ್ನುವವನ ಮೇಲೆ ಏನೆಂದು ದೂರುವುದು? ಜಾನನ ಹೆಂಡತಿಯ ಒಡಹುಟ್ಟಿದವನೂ ವೈದ್ಯನೇ, ಅವನದೂ ಅದೇ ಮಾತು. ನಾದಿನಿ ಜೆನ್ನಿ ಕೂಡ ಕೆಟ್ಟವಳಲ್ಲ, ಮನೆಯನ್ನು ಅಚ್ಚುಕಟ್ಟಾಗಿ ನಡೆಸುತ್ತಾಳೆ. ಅತ್ತಿಗೆಗೆ ಕಾಯಿಲೆ ಬಂದದ್ದು ಬರೆಯುವುದರಿಂದ ಎಂಬುದು ಅವಳ ನಂಬಿಕೆ.

ಗಿಲ್ಮನ್ ಇದನ್ನು ಗಾಳಿಯಿಂದ ಹಿಡಿದು ಬರೆಯಲಿಲ್ಲ. 1887ರಲ್ಲಿ ಸೈಲಾಸ್ ವಿಯರ್ ಮಿಚೆಲ್ ಎಂಬ ಹೆಸರಾಂತ ವೈದ್ಯ ಅವರಿಗೆ ಹಾಸಿಗೆಯಲ್ಲೇ ಮಲಗಿಸಿಡುವ ‘ವಿಶ್ರಾಂತಿ ಚಿಕಿತ್ಸೆ’ ಕೊಟ್ಟು, ಬದುಕಿರುವವರೆಗೆ ಪೆನ್ನು, ಕುಂಚ ಮುಟ್ಟಬಾರದೆಂದು ಹೇಳಿ ಮನೆಗೆ ಕಳುಹಿಸಿದ್ದ. ಆ ಮಾತು ಪಾಲಿಸಿ ತಾನು ಬುದ್ಧಿ ಕಳೆದುಕೊಳ್ಳುವ ಅಂಚಿಗೆ ಬಂದಿದ್ದೆನೆಂದು 1913ರಲ್ಲಿ ಅವರೇ ಬರೆದರು.

ಇನ್ನು ಕಥೆ ಕಟ್ಟಿರುವ ರೀತಿ. ಇಡೀ ಕಥೆ ಹೆಂಡತಿ ಗಂಡನಿಗೆ ಕಾಣದಂತೆ ಬರೆದ ದಿನಚರಿ. ಜಾನ್ ಬರುವ ಸದ್ದಾದರೆ ಬರಹ ಅಲ್ಲಿಗೇ ನಿಲ್ಲುತ್ತದೆ, ಹಾಗಾಗಿ ಕಥೆಯ ತುಂಡುಗಳನ್ನು ಕತ್ತರಿಸುವವನು ಅವನೇ. ಗೋಡೆಯ ಕೆಳಭಾಗದಲ್ಲಿ ಕೋಣೆಯನ್ನು ಸುತ್ತುವ ಒಂದು ಉಜ್ಜಿದ ಗುರುತಿದೆ. ಇದನ್ನು ಯಾರು ಮಾಡಿದರೋ ಎಂದು ಅವಳು ನಡುವೆ ಒಮ್ಮೆ ಬರೆದು ಮುಂದೆ ಹೋಗುತ್ತಾಳೆ, ನಾವೂ ಹೋಗುತ್ತೇವೆ. ಕೊನೆಯಲ್ಲಿ ತೆವಳುವಾಗ ಅವಳ ಭುಜ ಆ ಗುರುತಿನಲ್ಲಿ ಸರಿಯಾಗಿ ಕೂರುತ್ತದೆ. ಮಂಚದ ಕಟ್ಟನ್ನು ಆ ಕೋಣೆಯಲ್ಲಿ ಮೊದಲಿದ್ದ ಮಕ್ಕಳು ಕಡಿದಿದ್ದಾರೆ ಎನ್ನುವವಳು ತಾನೇ ಒಂದು ಮೂಲೆಯನ್ನು ಕಚ್ಚುತ್ತಾಳೆ. ಅಲ್ಲಿಗೆ ಬಂದ ಮೇಲೆ ಮೊದಲಿನಿಂದ ಮತ್ತೆ ಓದದೆ ಗತಿಯಿಲ್ಲ. ಪಾತ್ರ ಬದಲಾದದ್ದು ಲೇಖಕಿಯ ವಿವರಣೆಯಿಂದ ನಮಗೆ ತಿಳಿಯುವುದಿಲ್ಲ. ಮಾತುಮಾತಿಗೆ ‘ಜಾನ್ ಹೇಳುತ್ತಾನೆ’ ಎನ್ನುತ್ತಿದ್ದವಳಿಗೆ ಕೊನೆಯಲ್ಲಿ ಅವನು ಬರೀ ‘ಆ ಮನುಷ್ಯ’.

ನಮ್ಮ ಜಿಲ್ಲೆಯಲ್ಲಿ ಇಂಥ ಹೆಂಗಸನ್ನು ಗಾಳಿ ಸೋಕಿದೆಯೆಂದು ಗಾಣಗಾಪುರಕ್ಕೆ ಕರೆದುಕೊಂಡು ಹೋಗುವವರು ಇಂದಿಗೂ ಇದ್ದಾರೆ. ದತ್ತನ ಗುಡಿಯ ಮಧ್ಯಾಹ್ನದ ಮಹಾಮಂಗಳಾರತಿಯಲ್ಲಿ ಕೂದಲು ಬಿಚ್ಚಿ ಚೀರುವವರನ್ನು ಕಂಡವರಿಗೆ ನಾನು ಹೇಳುವುದು ಅರ್ಥವಾದೀತು. ಅದು ಚಿಕಿತ್ಸೆ ಎಂದು ನಾನು ಹೇಳುತ್ತಿಲ್ಲ, ಮನೋವೈದ್ಯರನ್ನು ತೋರಿಸಲೇಬೇಕು. ಆದರೆ ಅಲ್ಲಿ ಅವಳು ಗಂಡನನ್ನು, ಅತ್ತೆಯನ್ನು ಬಾಯಿಗೆ ಬಂದಂತೆ ಬೈದರೂ ದೆವ್ವದ ಲೆಕ್ಕಕ್ಕೆ ಹೋಗುತ್ತದೆ, ಕೇಳಲು ಜನರೂ ಇರುತ್ತಾರೆ. ಜಾನನ ಸುಶಿಕ್ಷಿತ ಮನೆಯಲ್ಲಿ ಅಷ್ಟೂ ಇಲ್ಲ. ಅವಳು ಬಾಯಿ ತೆರೆದರೆ ಅವನು ನಕ್ಕು ಮುದ್ದು ಮಾಡುತ್ತಾನೆ.

ಕೊನೆಯನ್ನು ಹೆಣ್ಣಿನ ಗೆಲುವು ಎಂದು ಬರೆಯುವ ವಿಮರ್ಶಕರ ಜೊತೆ ನನಗೆ ಜಗಳವಿದೆ. ಅವಳನ್ನು ಹಾಗೆ ಕಂಡು ಮೂರ್ಛೆ ಬಿದ್ದ ಗಂಡನನ್ನು ದಾಟಿ ತೆವಳುವುದು ನೋಡಲು ಜೋರಾಗಿದೆ, ಒಪ್ಪುತ್ತೇನೆ. ಆದರೆ ಅವಳು ಸುತ್ತುತ್ತಿರುವುದು ಅದೇ ಕೋಣೆಯನ್ನು, ಹಗ್ಗ ಕಟ್ಟಿಕೊಂಡು. ಬೇಗ ಗುಣವಾಗದಿದ್ದರೆ ಶರತ್ಕಾಲದಲ್ಲಿ ವಿಯರ್ ಮಿಚೆಲ್ ಬಳಿಗೆ ಕಳುಹಿಸುತ್ತೇನೆಂದು ಜಾನ್ ಮೊದಲೇ ಹೇಳಿಟ್ಟಿದ್ದಾನೆ. ಒಳ್ಳೆಯ ಗಂಡನಲ್ಲವೇ, ಎಚ್ಚರವಾದ ಮೇಲೆ ಖಂಡಿತ ಕಳುಹಿಸುತ್ತಾನೆ.